ಕೋಳಿ ಗೂಡಿನ ಒಳಗೋಡೆಗೆ ಏನು ಹಾಕಬೇಕು? ಸುಣ್ಣ, ಪೇಂಟ್, ಶೀಟ್, ತಗಡುಗಳ ಹೋಲಿಕೆ

ಕೋಳಿ ಗೂಡು ತೊಳೆಯುವ ದಿನ ನೆಲದ ಕೆಲಸ ಬೇಗ ಮುಗಿಯುತ್ತದೆ. ಹಳೆ ಹಾಸು ಎಳೆದು ಹಾಕಿ, ಸಲಿಕೆಯಲ್ಲಿ ಕೆರೆದು, ಗುಡಿಸಿದರೆ ಆಯ್ತು. ಕೈ ನೋಯಿಸುವುದು ಗೋಡೆ. ಕೂರುವ ಕೋಲಿನ ಹಿಂದೆ ಒಣಗಿ ಕಲ್ಲಾದ ಹಿಕ್ಕೆ, ಹಲಗೆ ಸಂದಿಯಲ್ಲಿ ತುಂಬಿದ ಧೂಳು, ಮೂಲೆಯಲ್ಲಿ ಪುಕ್ಕ ಸಿಕ್ಕಿಕೊಂಡ ಜೇಡರ ಬಲೆ. ಗೋಡೆ ಬರಿ ಮರದ್ದಾದರೆ ಎಷ್ಟು ಉಜ್ಜಿದರೂ ಕಲೆ ಉಳಿಯುತ್ತದೆ. ವಾಸನೆಯೂ ಉಳಿಯುತ್ತದೆ.

ಆಗಲೇ ಒಳಗೋಡೆಗೆ ಏನಾದರೂ ಹೊದಿಸೋಣ ಅನ್ನಿಸುವುದು. ದಾರಿಗಳು ಬೇಕಾದಷ್ಟಿವೆ. ಸುಣ್ಣ ಬಳಿಯಬಹುದು, ಪ್ಲೈವುಡ್ ಹೊಡೆದು ಪೇಂಟ್ ಮಾಡಬಹುದು, ಫೈಬರ್ ಶೀಟ್, ಪಿವಿಸಿ ಪ್ಯಾನೆಲ್, ನೆಲಕ್ಕೆ ಹಾಕುವ ವಿನೈಲ್ ಹಾಸು, ತಗಡು, ಸಿಮೆಂಟ್ ಗಿಲಾವು, ಟೈಲ್ಸ್. ಎಲ್ಲದರ ಬಗ್ಗೆಯೂ 'ಒರಸಿದರೆ ಸಾಕು' ಅಂತ ಹೇಳುತ್ತಾರೆ. ಹೊಸದಾಗಿ ಹಾಕಿದ ಮೊದಲ ವಾರ ಅದು ನಿಜವೂ ಹೌದು. ಎರಡು ವರ್ಷ ಆದ ಮೇಲೆ ಯಾವುದು ಹಾಗೇ ಉಳಿದಿರುತ್ತದೆ ಎಂಬುದನ್ನು ನೋಡಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗೋಡೆಯ ಮೈ ಎಷ್ಟು ನುಣುಪು ಎಂಬುದಕ್ಕಿಂತ ಅದರ ಸಂದುಗಳು ಎಷ್ಟು ಬಿಗಿ ಎಂಬುದೇ ಮುಖ್ಯ. ಗಾಜಿನಂಥ ಶೀಟ್ ಹಾಕಿ ಅಂಚಿನಲ್ಲಿ ಎರಡು ಮಿಲಿಮೀಟರ್ ಬಾಯಿ ಬಿಟ್ಟರೆ, ಸುಣ್ಣ ಬಳಿದ ಒರಟು ಹಲಗೆಯೇ ಅದಕ್ಕಿಂತ ವಾಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಗೋಡೆಯ ಮೇಲೆ ಬೀಳುವುದು ಏನೇನು

ಮೊದಲನೆಯದು ಹಿಕ್ಕೆ. ಕೋಳಿಗೆ ಮೂತ್ರ ಬೇರೆಯಾಗಿ ಬರುವುದಿಲ್ಲ. ಹಿಕ್ಕೆಯ ಮೇಲೆ ಬಿಳಿಯಾಗಿ ಕಾಣುತ್ತದಲ್ಲ, ಅದೇ ಅದರ ಮೂತ್ರ. ಅದು ಯೂರಿಕ್ ಆಮ್ಲ. ಬರಿ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಹಾಗಾಗಿಯೇ ಒಣಗಿದ ಹಿಕ್ಕೆ ಗೋಡೆಗೆ ಗಾರೆಯ ಹಾಗೆ ಕಚ್ಚಿಕೊಳ್ಳುತ್ತದೆ. ಉಗುರು ಬೆಚ್ಚಗಿನ ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ ಹಾಕಿ ನೆನೆಸಿದರೆ ಬಿಡುತ್ತದೆ, ಏಕೆಂದರೆ ಕ್ಷಾರದಲ್ಲಿ ಅದು ಕರಗುವುದು ಜಾಸ್ತಿ. ಅಂದರೆ ನೀವು ಹಾಕುವ ಗೋಡೆ ಕಾಲು ಗಂಟೆ ಒದ್ದೆಯಾಗಿದ್ದರೂ ತಡೆದುಕೊಳ್ಳಬೇಕು.

ಹಿಕ್ಕೆ ಒದ್ದೆಯಾಗಿಯೇ ಉಳಿದರೆ ಸೂಕ್ಷ್ಮಜೀವಿಗಳು ಅದನ್ನು ಅಮೋನಿಯಾ ಮಾಡುತ್ತವೆ. ಕಣ್ಣಿಗೆ ಉರಿ ಬರುವ ಆ ಘಾಟು ಅದೇ. ಗೂಡಿನೊಳಗೆ ಅದು 25 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗಕ್ಕೆ 25 ಭಾಗ, ದಾಟಬಾರದು ಎಂಬುದು ಕೋಳಿ ಸಾಕಣೆಯಲ್ಲಿ ಸಾಮಾನ್ಯವಾಗಿ ಹೇಳುವ ಮಿತಿ. ಅಮೋನಿಯಾ ಕೋಳಿಯ ಶ್ವಾಸಕೋಶಕ್ಕೆ ಕೆಟ್ಟದ್ದು. ತಗಡಿನ ಮೇಲಿನ ಸತುವಿನ ಲೇಪಕ್ಕೂ ಕೆಟ್ಟದ್ದು.

ಎರಡನೆಯದು ಧೂಳು. ಪುಕ್ಕದ ಪುಡಿ, ಮೇವಿನ ಪುಡಿ, ಹಾಸಿನ ಪುಡಿ ಎಲ್ಲ ಸೇರಿ ಗೋಡೆ ಮೇಲೆ ಬೂದಿಯ ಹಾಗೆ ಕೂರುತ್ತದೆ. ಗೋಡೆ ಒರಟಾಗಿದ್ದಷ್ಟೂ ಧೂಳು ಜಾಸ್ತಿ ನಿಲ್ಲುತ್ತದೆ.

ಮೂರನೆಯದು ತೇವ. ಕೋಳಿಗಳು ಉಸಿರಾಡುವಾಗ ಬಿಡುವ ತೇವ ರಾತ್ರಿಯೆಲ್ಲ ಗೂಡಿನೊಳಗೆ ಸೇರುತ್ತದೆ. ಗೋಡೆ ತಣ್ಣಗಿದ್ದರೆ ಅದರ ಮೇಲೆ ಹನಿಗಟ್ಟುತ್ತದೆ.

ನಾಲ್ಕನೆಯದು ಕೊಕ್ಕು. ಹೊಳೆಯುವ ಸ್ಕ್ರೂ, ಎದ್ದ ಅಂಚು, ಸಂದು ಮುಚ್ಚುವ ಮೆತ್ತಗಿನ ಸೀಲಂಟ್, ಸಿಪ್ಪೆ ಏಳುತ್ತಿರುವ ಪೇಂಟ್, ಯಾವುದನ್ನೂ ಕೋಳಿ ಬಿಡುವುದಿಲ್ಲ. ಕುಕ್ಕಿ ನೋಡುತ್ತದೆ. ತುಂಡು ಬಂದರೆ ನುಂಗುತ್ತದೆ.

ನುಸಿಯ ಕಥೆ

ಐದನೆಯದಕ್ಕೆ ಬೇರೆಯಾಗಿಯೇ ಜಾಗ ಕೊಡಬೇಕು. ಕೆಂಪು ನುಸಿ. ಹೇನು ಬೇರೆ, ಇದು ಬೇರೆ. ಹೇನು ಕೋಳಿಯ ಮೈಮೇಲೇ ಬದುಕುತ್ತದೆ. ಕೆಂಪು ನುಸಿ ಬದುಕುವುದು ಗೋಡೆಯಲ್ಲಿ. ಹಗಲೆಲ್ಲ ಸಂದಿಯಲ್ಲಿ ಅಡಗಿರುತ್ತದೆ, ರಾತ್ರಿ ಹೊರಬಂದು ಮಲಗಿದ ಕೋಳಿಯ ರಕ್ತ ಹೀರಿ ಮತ್ತೆ ಸಂದಿಗೆ ಹೋಗುತ್ತದೆ. ದೊಡ್ಡ ನುಸಿಯೂ ಒಂದು ಮಿಲಿಮೀಟರ್‌ ಮೀರುವುದಿಲ್ಲ. ಹಸಿದಾಗ ಬೂದು ಬಣ್ಣ, ರಕ್ತ ಹೀರಿದ ಮೇಲೆ ಕೆಂಪು. ಬೆಚ್ಚಗಿನ ಕಾಲದಲ್ಲಿ ಮೊಟ್ಟೆಯಿಂದ ಬೆಳೆದ ನುಸಿ ಆಗುವುದಕ್ಕೆ ಒಂದು ವಾರ, ಹತ್ತು ದಿನ ಸಾಕು. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಗೂಡು ಎರಡು ತಿಂಗಳು ಖಾಲಿ ಬಿಟ್ಟರೆ ಸತ್ತುಹೋಗುತ್ತದೆ ಅಂತ ನಂಬಬೇಡಿ.

ಈಗ ಯೋಚಿಸಿ. ಹಲಗೆ ಗೋಡೆಯ ಮೇಲೆ ಒಂದು ಶೀಟ್ ಹೊಡೆದಿರಿ. ಶೀಟಿಗೂ ಹಲಗೆಗೂ ನಡುವೆ ಕೂದಲೆಳೆಯಷ್ಟು ಜಾಗ ಉಳಿಯಿತು. ಕತ್ತಲು, ಬಿಸುಪು, ಪಕ್ಕದಲ್ಲೇ ಕೋಳಿ. ನುಸಿಗೆ ಇದಕ್ಕಿಂತ ಒಳ್ಳೆ ಮನೆ ಬೇಕಾ?

ನನ್ನ ಒಂದು ಹಳೆ ಗೂಡಿನಲ್ಲಿ ಹೀಗೇ ಆಯಿತು. ಹಲಗೆಗಳ ಮೇಲೆ ತೆಳು ಪ್ಲಾಸ್ಟಿಕ್ ಶೀಟ್ ಹೊಡೆದಿದ್ದೆ. ನೋಡಲು ಆಸ್ಪತ್ರೆ ಗೋಡೆಯ ಹಾಗೆ ಬೆಳ್ಳಗಿತ್ತು. ಒಂದು ಬಟ್ಟೆಯಲ್ಲಿ ಒರಸಿದರೆ ಸಾಕಾಗುತ್ತಿತ್ತು. ಕೆಲವು ತಿಂಗಳಾದ ಮೇಲೆ ಕೋಳಿಗಳು ಸಂಜೆ ಒಳಗೆ ಹೋಗಲು ಹಿಂದೇಟು ಹಾಕತೊಡಗಿದವು. ಬಾಗಿಲಲ್ಲೇ ನಿಲ್ಲುತ್ತಿದ್ದವು. ಜುಟ್ಟು ಬಿಳಿಚಿಕೊಂಡಿತ್ತು, ಮೊಟ್ಟೆಯೂ ಕಡಿಮೆಯಾಯಿತು. ಗೋಡೆ ಅಷ್ಟು ಚೊಕ್ಕಟವಾಗಿ ಕಾಣುತ್ತಿದ್ದರಿಂದ ನನಗೆ ಗೋಡೆಯ ಮೇಲೆ ಅನುಮಾನವೇ ಬರಲಿಲ್ಲ. ಕೊನೆಗೆ ಒಂದು ಶೀಟ್ ಬಿಚ್ಚಿದೆ. ಹಿಂದೆ ಬೂದಿ ಬಳಿದ ಹಾಗೆ ಪದರ. ಆ ಬೂದಿ ಹರಿದಾಡುತ್ತಿತ್ತು. ಅಷ್ಟು ದಿನ ಆ ಜೀವಗಳು ರಾತ್ರಿಯೆಲ್ಲ ಅನುಭವಿಸಿದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಅಂದಿನಿಂದ ಯಾವುದೇ ಸಾಮಾನು ನೋಡಿದರೂ ನಾನು ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದರ ಹಿಂದೆ ಜಾಗ ಉಳಿಯುತ್ತದೆಯೇ? ಉಳಿದರೆ, ಬಿಚ್ಚಿ ನೋಡಲು ಬರುತ್ತದೆಯೇ?

ಸುಣ್ಣ

ಹಳೆಯದು, ಅಗ್ಗದ್ದು. ನನಗೆ ಇದರ ಮೇಲೆ ತುಂಬಾ ಗೌರವ. ಸುಣ್ಣ ಗೋಡೆಯ ಮೇಲೆ ಕೂರುವ ಶೀಟಲ್ಲ, ಗೋಡೆಯೊಳಗೇ ಸೇರುತ್ತದೆ. ಹಿಂದೆ ಜಾಗ ಉಳಿಯುವ ಮಾತೇ ಇಲ್ಲ. ಬ್ರಷ್‌ನಲ್ಲಿ ಒತ್ತಿ ಬಳಿದರೆ ಸಣ್ಣ ಬಿರುಕುಗಳು ಮುಚ್ಚಿಕೊಳ್ಳುತ್ತವೆ, ಒಳಗಿದ್ದ ನುಸಿಯಲ್ಲಿ ಬಹಳಷ್ಟು ಅಲ್ಲೇ ಹೂತುಹೋಗುತ್ತದೆ. ಹೊಸ ಸುಣ್ಣದ ನೀರಿನ ಪಿಎಚ್ ಸುಮಾರು 12.4. ಅಷ್ಟು ಖಾರ ಕ್ಷಾರದಲ್ಲಿ ಹೆಚ್ಚಿನ ರೋಗಾಣುಗಳು ಉಳಿಯುವುದಿಲ್ಲ.

ಆದರೆ ಈ ಶಕ್ತಿ ಸದಾ ಇರುವುದಿಲ್ಲ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಸುಣ್ಣದ ಕಲ್ಲಾಗುತ್ತದೆ. ಗೋಡೆ ಬೆಳ್ಳಗೆ, ಗಟ್ಟಿಯಾಗಿ ಉಳಿಯುತ್ತದೆ, ಕೊಲ್ಲುವ ಗುಣ ಹೋಗುತ್ತದೆ. ಅದಕ್ಕೇ ವರ್ಷಕ್ಕೆ ಒಂದು ಸಲವಾದರೂ, ನುಸಿ ಕಾಟ ಇದ್ದರೆ ಎರಡು ಸಲ, ಹೊಸದಾಗಿ ಬಳಿಯಬೇಕು. ಒಂದು ರೀತಿಯಲ್ಲಿ ಇಲ್ಲಿ ತೊಳೆಯುವುದು ಅಂದರೆ ಬಳಿಯುವುದೇ. ಒಣ ಬ್ರಷ್‌ನಲ್ಲಿ ಕೆರೆದು, ಧೂಳು ಗುಡಿಸಿ, ಮೇಲೆ ಇನ್ನೊಂದು ಕೋಟ್.

ಒದ್ದೆ ಬಟ್ಟೆಯಲ್ಲಿ ಒರಸುತ್ತೇನೆ ಅನ್ನುವವರಿಗೆ ಸುಣ್ಣ ಆಗಿಬರುವುದಿಲ್ಲ. ಕೈಗೆ ಅಂಟುತ್ತದೆ, ಪುಡಿ ಉದುರುತ್ತದೆ. ವಿನೆಗರ್ ತಾಗಿದರೆ ಕರಗಿಹೋಗುತ್ತದೆ. ಆಯಿಲ್ ಪೇಂಟ್ ಅಥವಾ ವಾರ್ನಿಷ್ ಇದ್ದ ಗೋಡೆಗೆ ಹಿಡಿಯುವುದೇ ಇಲ್ಲ, ಸಿಪ್ಪೆಯಾಗಿ ಏಳುತ್ತದೆ. ಬರಿ ಮರ, ಇಟ್ಟಿಗೆ, ಕಲ್ಲು, ಗಿಲಾವಿನ ಗೋಡೆಗೆ ಮಾತ್ರ ಇದು ಸರಿ.

ಬಳಿಯುವ ಮೊದಲು ಗೋಡೆಗೆ ನೀರು ಚಿಮುಕಿಸಿ. ಅರಳಿದ ಸುಣ್ಣದ ಪುಡಿಯನ್ನು ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಸ್ವಲ್ಪ ಉಪ್ಪು ಸೇರಿಸಿ ಹಾಲಿನಷ್ಟು ತೆಳ್ಳಗೆ ಕಲಸಿ. ಬಳಿಯುವಾಗ ಏನೂ ಕಾಣುವುದಿಲ್ಲ, ನೀರು ಬಳಿದ ಹಾಗಿರುತ್ತದೆ. ಗಾಬರಿಯಾಗಿ ದಪ್ಪ ಮಾಡಬೇಡಿ. ಒಣಗುತ್ತಾ ಬಂದಂತೆ ಬೆಳ್ಳಗಾಗುತ್ತದೆ. ದಪ್ಪ ಬಳಿದರೆ ಬಿರುಕು ಬಿಟ್ಟು ಉದುರುತ್ತದೆ. ತೆಳ್ಳಗೆ ಎರಡು ಮೂರು ಸಲ ಬಳಿಯುವುದೇ ಸರಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಬೇಕೇ ಬೇಕು. ಕಣ್ಣಿಗೆ ಸುಣ್ಣ ಬಿದ್ದರೆ ಸಣ್ಣ ವಿಷಯವಲ್ಲ. ಸುಟ್ಟ ಸುಣ್ಣದ ಗಟ್ಟಿಯನ್ನೇ ಅರಳಿಸುವುದಾದರೆ ಪ್ಲಾಸ್ಟಿಕ್ ಬಕೆಟ್ ಬೇಡ, ಅದು ಕುದಿಯುತ್ತದೆ. ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಸುಣ್ಣದ ಮೇಲೆ ನೀರು ಸುರಿಯಬಾರದು.

ಪ್ಲೈವುಡ್ ಮತ್ತು ಪೇಂಟ್

ಹೊಸ ಗೂಡು ಕಟ್ಟುವವರಿಗೆ ನಾನು ಹೆಚ್ಚಾಗಿ ಹೇಳುವುದು ಇದನ್ನೇ. ಇಲ್ಲಿ ಪ್ಲೈವುಡ್ಡೇ ಗೋಡೆ. ಅದರ ಮೇಲೆ ಇನ್ನೊಂದು ಪದರ ಹೊಡೆಯುವುದಿಲ್ಲ, ಹಾಗಾಗಿ ಹಿಂದೆ ಅಡಗುವ ಜಾಗವೂ ಇಲ್ಲ. ಚೆನ್ನಾಗಿ ಪೇಂಟ್ ಆಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರಸಬಹುದು, ಸೋಪು ನೀರಿನಲ್ಲಿ ಉಜ್ಜಬಹುದು.

ಇದು ಕೆಡುವುದು ಅಂಚಿನಿಂದ. ಪ್ಲೈವುಡ್‌ನ ಮೈ ನೀರನ್ನು ನಿಧಾನವಾಗಿ ಕುಡಿಯುತ್ತದೆ. ಕತ್ತರಿಸಿದ ಅಂಚು ಸ್ಟ್ರಾ ಹಾಕಿ ಹೀರಿದ ಹಾಗೆ ಕುಡಿಯುತ್ತದೆ. ಎಲ್ಲರೂ ಎದುರಿನ ಮೈಗೆ ಮೂರು ಕೋಟ್ ಹೊಡೆದು ಅಂಚನ್ನು ಬರಿದಾಗಿ ಬಿಡುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಚು ಊದಿ, ಪದರ ಬಿಟ್ಟುಕೊಂಡು, ಪೇಂಟ್ ಏಳುತ್ತದೆ. ಬಿಟ್ಟುಕೊಂಡ ಪದರದೊಳಗೆ ನುಸಿ ಸೇರುತ್ತದೆ. ಆದ್ದರಿಂದ ಹೊಡೆಯುವ ಮೊದಲೇ, ನೆಲದ ಮೇಲಿಟ್ಟುಕೊಂಡು, ಎರಡೂ ಮೈಗೆ ಮತ್ತು ನಾಲ್ಕೂ ಅಂಚಿಗೆ ಪ್ರೈಮರ್ ಕೊಡಿ. ಅಂಚಿಗೆ ಒಂದು ಕೈ ಜಾಸ್ತಿಯೇ ಇರಲಿ. ಪ್ಲೈವುಡ್ ಕೂಡ ನೀರು ತಡೆಯುವ ಅಂಟಿನದ್ದೇ ಆಗಬೇಕು, ಮನೆಯೊಳಗಿನ ಬೀರುಗೆ ಬಳಸುವ ಸಾಧಾರಣ ದರ್ಜೆ ಇಲ್ಲಿ ಬಾಳುವುದಿಲ್ಲ.

ಪೇಂಟ್ ಯಾವುದು? ಎನಾಮಲ್ ಗಟ್ಟಿ, ನುಣುಪು, ಹಿಕ್ಕೆ ಸುಲಭವಾಗಿ ಬಿಡುತ್ತದೆ. ಆದರೆ ವಾಸನೆ ಬಹಳ ದಿನ ಇರುತ್ತದೆ. ವರ್ಷ ಕಳೆದಂತೆ ಹಳದಿಯಾಗಿ ಬಿರುಸಾಗುತ್ತದೆ, ಮರ ಹಿಗ್ಗಿ ಕುಗ್ಗುವಾಗ ಬಿರುಕು ಬಿಡುತ್ತದೆ. ಹೊರಗೋಡೆಗೆ ಬಳಸುವ ಅಕ್ರಿಲಿಕ್ ಪೇಂಟ್‌ಗೆ ವಾಸನೆ ಕಡಿಮೆ, ಮರದ ಜೊತೆ ಹಿಗ್ಗುತ್ತದೆ. ಹೊಳಪು ಇರುವ ಜಾತಿಯದನ್ನೇ ತೆಗೆದುಕೊಳ್ಳಿ, ಮ್ಯಾಟ್ ಬೇಡ. ಮ್ಯಾಟ್ ಗೋಡೆಯಲ್ಲಿ ಒರಸಿದ ಗುರುತೇ ಉಳಿಯುತ್ತದೆ. ಎರಡು ಡಬ್ಬ ಬೆರೆಸಿ ಬಳಿಯುವ ಎಪಾಕ್ಸಿ ಎಲ್ಲಕ್ಕಿಂತ ಗಟ್ಟಿ. ಪೇಂಟ್‌ಗಳಲ್ಲಿ ತೊಳೆಯಲು ಅದರಷ್ಟು ಸುಲಭ ಇನ್ನೊಂದಿಲ್ಲ. ಬೆಲೆ ಜಾಸ್ತಿ, ಬೆರೆಸಿದ ಮೇಲೆ ಬೇಗ ಬಳಿದು ಮುಗಿಸಬೇಕು, ಬಿಸಿಲು ಬೀಳುವ ಕಡೆ ಹಳದಿಯಾಗುತ್ತದೆ. ಸಣ್ಣ ಗೂಡಿಗೆ ನಾನು ಅಕ್ರಿಲಿಕ್ ಆರಿಸುತ್ತೇನೆ. ಕೂರುವ ಕೋಲಿನ ಹಿಂದಿನ ಗೋಡೆಗೆ ಮಾತ್ರ ಎಪಾಕ್ಸಿ ಕೊಟ್ಟರೂ ಚೆನ್ನ.

ಮೂಲೆ, ಸಂದುಗಳಿಗೆ ಪೇಂಟ್‌ಗೆ ಮೊದಲು ಅಕ್ರಿಲಿಕ್ ಸೀಲಂಟ್ ತುಂಬಿ. ಸಿಲಿಕೋನ್ ತುಂಬಿದರೆ ಅದರ ಮೇಲೆ ಪೇಂಟ್ ನಿಲ್ಲುವುದಿಲ್ಲ. ಈ ಸಣ್ಣ ವಿಷಯ ಗೊತ್ತಿಲ್ಲದೆ ಎಷ್ಟೋ ಜನ ಕೆಲಸ ಎರಡು ಸಲ ಮಾಡಿದ್ದಾರೆ.

ಹಳೆ ಬಾಗಿಲು, ಹಳೆ ಹಲಗೆ ತಂದು ಗೂಡು ಕಟ್ಟುತ್ತಿದ್ದರೆ ಒಂದು ಎಚ್ಚರಿಕೆ. ಹಳೆಯ ಪೇಂಟ್‌ಗಳಲ್ಲಿ ಸೀಸ ಇರಬಹುದು. ಉದುರಿದ ಸಿಪ್ಪೆಯನ್ನು ಕೋಳಿ ತಿಂದರೆ ಸೀಸ ಅದರ ಮೈಗೆ ಸೇರುತ್ತದೆ, ಅಲ್ಲಿಂದ ಮೊಟ್ಟೆಗೂ ಹೋಗುತ್ತದೆ. ಅನುಮಾನ ಇದ್ದರೆ ಆ ಮರವನ್ನು ಗೂಡಿಗೆ ತರಲೇಬೇಡಿ.

ಶೀಟುಗಳು: ಫೈಬರ್, ಪಿವಿಸಿ, ಎಚ್‌ಡಿಪಿಇ

ನೋಡಿದ ತಕ್ಷಣ ಮನಸ್ಸು ಹೋಗುವುದು ಇವುಗಳ ಕಡೆಗೇ. ನೀರು ಕುಡಿಯುವುದಿಲ್ಲ, ಕೊಳೆಯುವುದಿಲ್ಲ, ಒರಸಿದರೆ ಫಳಫಳ ಅನ್ನುತ್ತವೆ. ಹಾಕುವ ರೀತಿ ಸರಿಯಿದ್ದರೆ ಇವುಗಳಷ್ಟು ಸುಲಭವಾಗಿ ತೊಳೆಯುವ ಗೋಡೆ ಇಲ್ಲ. ಹಾಕುವ ರೀತಿ ತಪ್ಪಿದರೆ ನನ್ನ ಹಳೆ ಗೂಡಿನ ಕಥೆ.

ಫೈಬರ್ ಶೀಟ್ ಅಂದರೆ ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್, ಎಫ್‌ಆರ್‌ಪಿ. ಹಾಲು ಕರೆಯುವ ಕೋಣೆ, ಹೋಟೆಲ್ ಅಡುಗೆಮನೆ, ಕಾರು ತೊಳೆಯುವ ಜಾಗಗಳ ಗೋಡೆಗೆ ಬಳಸುತ್ತಾರೆ. ಸುಮಾರು 2.3 ಮಿ.ಮೀ. ದಪ್ಪ. ಗಟ್ಟಿ, ಪೆಟ್ಟು ತಡೆಯುತ್ತದೆ. ಬಿಸಿಲಿಗೆ ಹಿಗ್ಗುವುದೂ ಉಳಿದ ಪ್ಲಾಸ್ಟಿಕ್‌ಗಳಿಗಿಂತ ಕಡಿಮೆ. ಇದರ ದೊಡ್ಡ ಗುಣ, ಹಿಂದಿನ ಗೋಡೆಗೆ ಪೂರ್ತಿ ಅಂಟಿಸಬಹುದು. ಹಲ್ಲಿರುವ ಕರಣೆಯಲ್ಲಿ ಅಂಟನ್ನು ಇಡೀ ಶೀಟಿಗೆ ಹರಡಿ, ರೋಲರ್‌ನಲ್ಲಿ ಒತ್ತಿದರೆ ಹಿಂದೆ ಜಾಗವೇ ಉಳಿಯುವುದಿಲ್ಲ. ಹಾಗಾಗಿ ಶೀಟುಗಳಲ್ಲಿ ನನ್ನ ಆಯ್ಕೆ ಇದೇ. ಬೊಟ್ಟು ಬೊಟ್ಟಾಗಿ ಅಂಟು ಇಟ್ಟು ಅಂಟಿಸುವವರಿದ್ದಾರೆ, ಹಾಗೆ ಮಾಡಿದರೆ ದುಡ್ಡು ದಂಡ. ಕೆಲವು ಶೀಟುಗಳ ಮೈ ಉಬ್ಬು ಉಬ್ಬಾಗಿರುತ್ತದೆ, ಕೆಲವು ನುಣುಪು. ಕೋಳಿ ಗೂಡಿಗೆ ನುಣುಪೇ ಇರಲಿ, ಉಬ್ಬಿನ ಸುತ್ತ ಹಿಕ್ಕೆ ನಿಲ್ಲುತ್ತದೆ. ಕತ್ತರಿಸುವಾಗ ಏಳುವ ಧೂಳು ಗಾಜಿನ ನಾರು. ಮಾಸ್ಕ್ ಹಾಕಿಕೊಂಡು, ಗೂಡಿನಿಂದ ದೂರ ಕತ್ತರಿಸಿ.

ಪಿವಿಸಿಯಲ್ಲಿ ಎರಡು ಬಗೆ. ಒಂದು, ಒಳಗೆ ಟೊಳ್ಳಿರುವ ಪಟ್ಟಿ ಪಟ್ಟಿ ಪ್ಯಾನೆಲ್. ಸ್ನಾನದ ಮನೆಗೆ, ಛಾವಣಿಯ ಒಳಮೈಗೆ ಹಾಕುತ್ತಾರಲ್ಲ, ಅದು. ಕೋಳಿ ಗೂಡಿಗೆ ನಾನು ಬೇಡ ಅನ್ನುತ್ತೇನೆ. ಪ್ರತಿ ಪಟ್ಟಿಯ ಜೋಡಣೆಯೂ ಒಂದು ಸಂದು, ಪ್ರತಿ ಟೊಳ್ಳೂ ಒಂದು ಸುರಂಗ. ನುಸಿ ಇರಲಿ, ಇಲಿಯೂ ಕಚ್ಚಿ ದಾರಿ ಮಾಡಿಕೊಳ್ಳುತ್ತದೆ. ಎರಡನೆಯದು, ಟೊಳ್ಳಿಲ್ಲದ ಗಟ್ಟಿ ಶೀಟ್. ಇದು ಪರವಾಗಿಲ್ಲ. ಆದರೆ ಹಿಗ್ಗುತ್ತದೆ. 2.4 ಮೀಟರ್ ಉದ್ದದ ಶೀಟ್, ತಣ್ಣನೆ ರಾತ್ರಿಗೂ ಬಿಸಿ ಮಧ್ಯಾಹ್ನಕ್ಕೂ 30 ಡಿಗ್ರಿ ವ್ಯತ್ಯಾಸ ಇದ್ದರೆ, ಸುಮಾರು 4-5 ಮಿ.ಮೀ. ಉದ್ದವಾಗುತ್ತದೆ. ಜಾಗ ಬಿಡದೆ ಬಿಗಿದರೆ ನಡುವೆ ಹೊಟ್ಟೆ ಬರುತ್ತದೆ, ಆ ಹೊಟ್ಟೆಯ ಹಿಂದೆ ಮತ್ತದೇ ಕತ್ತಲ ಕೋಣೆ. 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆದುವಾಗತೊಡಗುತ್ತದೆ. ಮರಿಗಳಿಗೆ ಕಾವು ಕೊಡುವ ದೀಪದ ಹತ್ತಿರ ಯಾವ ಪ್ಲಾಸ್ಟಿಕ್ಕೂ ಬೇಡ.

ಎಚ್‌ಡಿಪಿಇ ಅಂದರೆ ಗಟ್ಟಿ ಜಾತಿಯ ಪಾಲಿಥೀನ್ ಪ್ಲಾಸ್ಟಿಕ್. ಅದರ ಹಲಗೆಗೆ ಏನೂ ಅಂಟುವುದಿಲ್ಲ. ಹಿಕ್ಕೆ ಒಣಗಿದರೆ ಬಿಲ್ಲೆಯ ಹಾಗೆ ಎದ್ದು ಬರುತ್ತದೆ. ಆದರೆ ಅಂಟೂ ಅಂಟುವುದಿಲ್ಲ, ಸ್ಕ್ರೂ ಹಾಕಲೇಬೇಕು. ಹಿಗ್ಗುವುದು ಪಿವಿಸಿಗಿಂತಲೂ ಜಾಸ್ತಿ. ಹಾಗಾಗಿ ಇದನ್ನು ಬಿಚ್ಚಿ ತೆಗೆಯುವ ಹಲಗೆಯಾಗಿ ಬಳಸುವುದೇ ಜಾಣತನ. ಕೂರುವ ಕೋಲಿನ ಹಿಂದೆ ಎರಡು ಕೊಕ್ಕೆಗೆ ನೇತುಹಾಕಿ, ವಾರಕ್ಕೊಮ್ಮೆ ಹೊರಗೆ ತಂದು ತೊಳೆದು ಬಿಸಿಲಿಗಿಡಿ. ಹಿಂದಿನ ಗೋಡೆಯನ್ನೂ ಆಗಲೇ ನೋಡಿಕೊಳ್ಳಬಹುದು. ಈ ಉಪಾಯ ನನಗೆ ಬಹಳ ಹಿಡಿಸಿದೆ.

ಬೋರ್ಡು, ಪೆಟ್ಟಿಗೆ ಮಾಡುವ ಅಲೆಯಲೆಯ ತೆಳು ಪ್ಲಾಸ್ಟಿಕ್ ಶೀಟ್ ಕೂಡ ಹೀಗೆ ನೇತುಹಾಕಲು ಬರುತ್ತದೆ. ಅದರ ಅಂಚಿನ ತೂತುಗಳನ್ನು ಟೇಪ್ ಹಾಕಿ ಪೂರ್ತಿ ಮುಚ್ಚಬೇಕು. ಹಾಳಾದರೆ ಎಸೆದು ಬೇರೆ ಹಾಕಿದರಾಯ್ತು.

ವಿನೈಲ್ ಹಾಸು

ಸುರುಳಿಯಾಗಿ ಸಿಗುವ, ನೆಲಕ್ಕೆ ಹಾಸುವ ವಿನೈಲ್ ಇದು. ಮನೆ ಕೆಲಸ ಮುಗಿದ ಮೇಲೆ ಉಳಿದ ತುಂಡು ತಂದು ಗೂಡಿಗೆ ಹಾಕುವವರು ಬಹಳ. ಒಳ್ಳೆಯದೇ. ಇದರ ಲಾಭ ಅಂದರೆ ನೆಲದಿಂದ ಗೋಡೆಗೆ ಒಂದೇ ತುಂಡಾಗಿ ಬಗ್ಗಿಸಿ ಏರಿಸಬಹುದು. ನೆಲವೂ ಗೋಡೆಯೂ ಸೇರುವ ಮೂಲೆಯಲ್ಲಿ ಸಂದೇ ಇರುವುದಿಲ್ಲ. ಗೂಡಿನಲ್ಲಿ ಅತಿ ಹೊಲಸಾಗುವ ಜಾಗ ಅದೇ ಅಲ್ವಾ?

ಮೊಳೆಯಲ್ಲಿ, ಸ್ಟೇಪ್ಲರ್‌ನಲ್ಲಿ ಹೊಡೆಯಬೇಡಿ. ಪಿನ್ನು ಸಡಿಲವಾಗಿ ಉದುರುತ್ತದೆ, ಕೋಳಿ ನುಂಗುತ್ತದೆ. ಪೂರ್ತಿ ಅಂಟಿಸಿ. ಮೇಲಿನ ಅಂಚಿಗೆ ಮರದ ಪಟ್ಟಿ ಹೊಡೆದು ಸೀಲಂಟ್ ಎಳೆಯಿರಿ. ಅಂಚು ಒಮ್ಮೆ ಎದ್ದರೆ ಕೋಳಿ ಅದನ್ನು ಕುಕ್ಕಿ ಕುಕ್ಕಿ ಹರಿಯುತ್ತದೆ.

ತಗಡು

ಸತು ಲೇಪಿಸಿದ ತಗಡಿಗೆ ಬೆಂಕಿಯ ಭಯ ಇಲ್ಲ, ಇಲಿಯ ಭಯ ಇಲ್ಲ. ಆದರೂ ಒಳಗೋಡೆಗೆ ನಾನು ಶಿಫಾರಸು ಮಾಡುವುದಿಲ್ಲ. ಬೆಳಗಿನ ಜಾವ ಮುಟ್ಟಿ ನೋಡಿ, ನೀರಿಳಿಯುತ್ತಿರುತ್ತದೆ. ಹಾಸು ಒದ್ದೆಯಾಗುತ್ತದೆ, ಅಮೋನಿಯಾ ಏಳುತ್ತದೆ, ಅದೇ ಅಮೋನಿಯಾ ಮತ್ತು ತೇವ ಸೇರಿ ಸತುವನ್ನು ತಿನ್ನುತ್ತವೆ. ಮೊದಲು ಬಿಳಿ ಪುಡಿ, ಆಮೇಲೆ ತುಕ್ಕು. ಅಲೆಯಲೆಯ ತಗಡಾದರೆ ಪ್ರತಿ ಅಲೆಯ ಹಿಂದೆಯೂ ಒಂದು ಗುಹೆ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ವಾಷಿಂಗ್ ಸೋಡಾ, ಸುಣ್ಣ ಎರಡೂ ಅದಕ್ಕೆ ಆಗುವುದಿಲ್ಲ. ಹಾಕಲೇಬೇಕಾದರೆ ಚಪ್ಪಟೆ ತಗಡನ್ನು ಕೆಳಗಿನ ಒಂದೂವರೆ ಅಡಿಗೆ ಮಾತ್ರ ಹಾಕಿ, ಇಲಿ ತಡೆಯಲು. ಕತ್ತರಿಸಿದ ಅಂಚನ್ನು ಮಡಚಿ. ಚೂರುಗಳನ್ನು ಅಯಸ್ಕಾಂತ ಎಳೆದು ಹೆಕ್ಕಿ, ಸತುವಿನ ಚೂರು ಕೋಳಿಗೆ ವಿಷ.

ಸಿಮೆಂಟ್ ಗಿಲಾವು, ಟೈಲ್ಸ್

ಇಟ್ಟಿಗೆಯ ಗೂಡಾದರೆ ಬೇರೆ ಏನೂ ಹೊದಿಸಬೇಡಿ. ನುಣ್ಣಗೆ ಗಿಲಾವು ಮಾಡಿಸಿ, ನೆಲ ಮತ್ತು ಗೋಡೆ ಸೇರುವ ಮೂಲೆಯನ್ನು ಒಳಬಾಗಿನ ಗುಂಡಾಕಾರದಲ್ಲಿ ತಿದ್ದಿಸಿ. ಆ ಒಂದು ಗುಂಡು ಮೂಲೆ ವರ್ಷಗಟ್ಟಲೆ ನಿಮ್ಮ ಬೆನ್ನು ಉಳಿಸುತ್ತದೆ. ಮೇಲೆ ಸುಣ್ಣ ಬೇಕಾದರೆ ಸುಣ್ಣ, ಎಪಾಕ್ಸಿ ಬೇಕಾದರೆ ಎಪಾಕ್ಸಿ.

ಟೈಲ್ಸ್‌ನ ಮೈ ಚೆನ್ನ, ಗೆರೆ ಕೆಟ್ಟದ್ದು. ಗೆರೆಗೆ ತುಂಬುವ ಸಾಧಾರಣ ಗ್ರೌಟ್ ಹಿಕ್ಕೆಯ ನೀರನ್ನು ಕುಡಿಯುತ್ತದೆ. ಎಪಾಕ್ಸಿ ಗ್ರೌಟ್ ಹಾಕಿದರೆ ಸರಿ. ಮರದ ಗೂಡಿಗೆ ಟೈಲ್ಸ್ ಬೇಡ, ಮರ ಅಲುಗಿದಾಗ ಕಿತ್ತು ಬರುತ್ತದೆ.

ಇವು ಬೇಡವೇ ಬೇಡ

ಒತ್ತಿದ ಚಕ್ಕೆಯ ಬೋರ್ಡು, ಮರದ ನಾರು ಒತ್ತಿ ಮಾಡಿದ ಎಂಡಿಎಫ್, ಜಿಪ್ಸಂ ಬೋರ್ಡು ತೇವ ಕುಡಿದು ಊದುತ್ತವೆ. ಗೋಡೆಗೆ ಸಡಿಲವಾಗಿ ಹೊಡೆದ ಟಾರ್ಪಾಲಿನ್ ಹಿಂದೆ ಏನೆಲ್ಲ ಸೇರುತ್ತದೆ ಅಂತ ಹೇಳಬೇಕಾಗಿಲ್ಲ. ಥರ್ಮೋಕೋಲ್ ಬರಿದಾಗಿ ಬಿಟ್ಟರೆ ಕೋಳಿಗಳು ಕಾಳು ಆರಿಸಿ ತಿಂದ ಹಾಗೆ ತಿಂದುಬಿಡುತ್ತವೆ. ಚಳಿಗಾಗಿ ಹಾಕುವುದಿದ್ದರೆ ಎರಡು ಗೋಡೆಗಳ ನಡುವೆ ಪೂರ್ತಿ ಮುಚ್ಚಿಬಿಡಿ. ಅಲ್ಲೂ ಇಲಿ ಗೂಡು ಮಾಡದಂತೆ ತಳದಲ್ಲಿ ಜಾಲರಿ ಬೇಕು.

ಇಡೀ ಗೂಡಿಗೆ ಒಂದೇ ಸಾಮಾನು ಬೇಕಾಗಿಲ್ಲ

ದುಡ್ಡು ಉಳಿಯುವುದು ಇಲ್ಲಿ. ಗೋಡೆ ಎಲ್ಲ ಕಡೆಯೂ ಒಂದೇ ಸಮ ಹೊಲಸಾಗುವುದಿಲ್ಲ. ಕೋಳಿಗಳು ರಾತ್ರಿಯೆಲ್ಲ ಒಂದೇ ಕಡೆ ಕೂರುವುದರಿಂದ ಹಿಕ್ಕೆ ಗುಡ್ಡೆಯಾಗುವುದು ಕೂರುವ ಕೋಲಿನ ಕೆಳಗೆ ಮತ್ತು ಬಾಲದ ಹಿಂದಿನ ಗೋಡೆಯಲ್ಲಿ. ಆಮೇಲೆ ನೆಲದಿಂದ ಎರಡಡಿ ಎತ್ತರದವರೆಗೆ, ಹಾಸು ಕೆದರಿದಾಗ ಸಿಡಿಯುವ ಜಾಗ. ಮೂರನೆಯದು ಮೊಟ್ಟೆ ಇಡುವ ಪೆಟ್ಟಿಗೆಯ ಒಳಗೋಡೆ, ಅಲ್ಲಿ ಮೊಟ್ಟೆ ಒಡೆದರೆ ಅಂಟು. ಈ ಮೂರು ಜಾಗಕ್ಕೆ ಒಳ್ಳೆ ಸಾಮಾನು ಹಾಕಿ. ಮೇಲಿನ ಗೋಡೆಗೆ, ಛಾವಣಿಗೆ ಪೇಂಟೋ ಸುಣ್ಣವೋ ಸಾಕು.

ಕೂರುವ ಕೋಲನ್ನು ಗೋಡೆಯಿಂದ ಒಂದಡಿಗಿಂತ ಸ್ವಲ್ಪ ಜಾಸ್ತಿಯೇ ದೂರ ಇಡಿ. ಬಾಲ ಗೋಡೆಗೆ ತಾಗದಿದ್ದರೆ ಗೋಡೆಯ ಅರ್ಧ ಕೆಲಸ ತಾನೇ ಕಡಿಮೆಯಾಗುತ್ತದೆ. ದುಬಾರಿ ಶೀಟ್ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ. ಕೋಲಿನ ತುದಿ ಗೋಡೆಗೆ ಸೇರುವ ಕಡೆ ನುಸಿ ಮೊದಲು ಸೇರುತ್ತದೆ, ಹಾಗಾಗಿ ಕೋಲು ಎತ್ತಿ ತೆಗೆಯುವಂತೆ ಇರಲಿ.

ಬಣ್ಣ ಬಿಳಿ ಇಲ್ಲವೇ ಬಿಳಿಗೆ ಹತ್ತಿರದ್ದಿರಲಿ. ಹೊಲಸು ಕಾಣುತ್ತದೆ ಅಂತ ಕಂದು ಬಣ್ಣ ಆರಿಸುವವರಿದ್ದಾರೆ. ಕಾಣಲಿ. ಹಿಕ್ಕೆಯೂ ನುಸಿಯೂ ನಮ್ಮ ಕಣ್ಣಿಗೆ ಬೀಳಬೇಕು. ಬಿಳಿ ಗೋಡೆಯಿಂದ ಗೂಡಿನಲ್ಲಿ ಬೆಳಕೂ ಜಾಸ್ತಿ.

ಇನ್ನೊಂದು ವಿಷಯ ಗಾಳಿ. ಮರ, ಸುಣ್ಣ ಒಂದಿಷ್ಟು ತೇವ ಹೀರಿಕೊಂಡು ಹಗಲು ಬಿಡುತ್ತವೆ. ಶೀಟ್, ಎಪಾಕ್ಸಿ, ಟೈಲ್ಸ್ ಹೀರುವುದಿಲ್ಲ. ಅಂಥ ಗೋಡೆ ಹಾಕಿದರೆ ಕೋಳಿಗಳ ತಲೆಗಿಂತ ಮೇಲೆ ಗಾಳಿಕಿಂಡಿ ದೊಡ್ಡದಾಗಿಯೇ ಇರಬೇಕು.

ಹಾಗಾದರೆ ನಿಮಗೆ ಯಾವುದು?

ಹಳೆ ಹಲಗೆ ಗೂಡು ಇದ್ದು, ಸಂದುಗಳು ಲೆಕ್ಕವಿಲ್ಲದಷ್ಟಿದ್ದರೆ ಸುಣ್ಣ. ಅದರ ಮೇಲೆ ಶೀಟ್ ಹೊಡೆಯುವ ಆಸೆ ಬಿಡಿ. ಹೊಡೆಯಲೇಬೇಕಾದರೆ ಮೊದಲು ನುಸಿ ಪೂರ್ತಿ ಹೋಗಿದೆ ಅಂತ ಖಾತ್ರಿ ಮಾಡಿಕೊಂಡು, ಮರ ಪೂರ್ತಿ ಒಣಗಿಸಿ, ಆಮೇಲೆ.

ಹೊಸ ಗೂಡು, ಹತ್ತು ಹನ್ನೆರಡು ಕೋಳಿ, ಕೈ ಕೆಲಸ ಬರುತ್ತದೆ ಅನ್ನುವವರಿಗೆ ಪೇಂಟ್ ಮಾಡಿದ ಪ್ಲೈವುಡ್, ಕೋಲಿನ ಹಿಂದೆ ಬಿಚ್ಚುವ ಎಚ್‌ಡಿಪಿಇ ಹಲಗೆ. ಇದಕ್ಕಿಂತ ಜಾಸ್ತಿ ಬೇಕಾಗುವುದಿಲ್ಲ ಅಂತ ನನ್ನ ನಂಬಿಕೆ.

ಕೋಳಿ ಜಾಸ್ತಿ, ಪೈಪ್ ಹಿಡಿದು ನೀರು ಹೊಡೆದು ತೊಳೆಯುವವರಿಗೆ ಪೂರ್ತಿ ಅಂಟಿಸಿದ ಫೈಬರ್ ಶೀಟ್, ಇಲ್ಲವೇ ಎಪಾಕ್ಸಿ ಬಳಿದ ಸಿಮೆಂಟ್ ಗೋಡೆ. ಬೇರೆಯವುಗಳ ಮೇಲೆ ಪ್ರೆಶರ್ ವಾಷರ್ ಬಳಸಬೇಡಿ. ಅದು ಹೊಲಸು ನೀರನ್ನು ಸಂದಿಯೊಳಗೆ ತಳ್ಳುತ್ತದೆ. ನಿಮ್ಮ ತೊಳೆಯುವ ಅಭ್ಯಾಸ ಒಣದೋ ಒದ್ದೆಯೋ ಎಂಬುದನ್ನು ಪ್ರಾಮಾಣಿಕವಾಗಿ ಯೋಚಿಸಿ ಆರಿಸಿ. ಬರಿ ಗುಡಿಸಿ ಕೆರೆಯುವವರಿಗೆ ಫೈಬರ್ ಶೀಟಿನ ಖರ್ಚು ಸುಮ್ನೆ.

ಬಾಡಿಗೆ ಜಾಗ, ಇಲ್ಲವೇ ಒಂದೆರಡು ವರ್ಷದ ಗೂಡು ಆದರೆ ವಿನೈಲ್ ಹಾಸಿನ ತುಂಡು ಸಾಕು.

ತೊಳೆಯುವಾಗ

ಯಾವ ಗೋಡೆಯಾದರೂ ಮೊದಲು ಕೆರೆಯುವುದು, ಆಮೇಲೆ ಸೋಪು ನೀರು, ಆಮೇಲೆ ಒಣಗಿಸುವುದು, ಕೊನೆಗೆ ಔಷಧ. ಹಿಕ್ಕೆ ಇರುವಾಗಲೇ ಬ್ಲೀಚ್ ಹೊಡೆದರೆ ಅದರ ಶಕ್ತಿಯೆಲ್ಲ ಹಿಕ್ಕೆಗೇ ಖರ್ಚಾಗುತ್ತದೆ. ಅಷ್ಟೇ ಅಲ್ಲ, ಹಿಕ್ಕೆಯ ಅಮೋನಿಯಾ ಜೊತೆ ಸೇರಿ ವಿಷಗಾಳಿ ಏಳುತ್ತದೆ. ಬ್ಲೀಚ್ ಜೊತೆ ವಿನೆಗರ್ ಕೂಡ ಸೇರಿಸಬಾರದು, ಕ್ಲೋರಿನ್ ಏಳುತ್ತದೆ. ಒಣ ಹಿಕ್ಕೆ ಕೆರೆಯುವ ಮೊದಲು ಸ್ವಲ್ಪ ನೀರು ಚಿಮುಕಿಸಿ, ಮಾಸ್ಕ್ ಹಾಕಿ. ಆ ಧೂಳಿನಲ್ಲಿ ಶ್ವಾಸಕೋಶಕ್ಕೆ ತಗಲುವ ಶಿಲೀಂಧ್ರ, ಸಾಲ್ಮೊನೆಲ್ಲಾ ಎರಡೂ ಇರಬಹುದು.

ತಿಂಗಳಿಗೊಮ್ಮೆ ರಾತ್ರಿ ಟಾರ್ಚ್ ಹಿಡಿದು ಹೋಗಿ. ಬಿಳಿ ಕಾಗದವನ್ನು ಸಂದಿನ ಉದ್ದಕ್ಕೂ, ಕೋಲಿನ ತಳಕ್ಕೂ ಎಳೆಯಿರಿ. ಕಾಗದದ ಮೇಲೆ ಕೆಂಪು ಗೆರೆ ಬಂದರೆ ಆ ಸಂದು ಬಾಯಿ ಬಿಟ್ಟಿದೆ ಅಂತ ಅರ್ಥ. ಬೆಳಿಗ್ಗೆಯೇ ಕೆರೆದು, ನುಸಿಗೆ ಔಷಧ ಮಾಡಿ, ಮತ್ತೆ ಮುಚ್ಚಿ. ಸೀಲಂಟನ್ನು ಬೆರಳಿನಲ್ಲಿ ಒಳಕ್ಕೆ ಒತ್ತಿ, ಹೊರಗೆ ಉಬ್ಬದಂತೆ ತಿದ್ದಿ. ಉಬ್ಬಿದರೆ ಕುಕ್ಕುತ್ತವೆ.

ಪೇಂಟ್, ಅಂಟು, ಸೀಲಂಟ್ ಯಾವುದೇ ಕೆಲಸ ಮಾಡಿದ್ದರೂ ಅದೇ ಸಂಜೆ ಕೋಳಿಗಳನ್ನು ಒಳಗೆ ಬಿಡಬೇಡಿ. ಹಕ್ಕಿಗಳ ಶ್ವಾಸಕೋಶ ನಮ್ಮದಕ್ಕಿಂತ ಬಹಳ ಸೂಕ್ಷ್ಮ. ಬಾಗಿಲು, ಗಾಳಿಕಿಂಡಿ ತೆರೆದಿಟ್ಟು ದಿನಗಟ್ಟಲೆ ಒಣಗಲು ಬಿಡಿ. ಆಮೇಲೆ ಒಂದು ರಾತ್ರಿ ಬಾಗಿಲು ಮುಚ್ಚಿಟ್ಟು ಬೆಳಿಗ್ಗೆ ತೆರೆದು, ತಲೆ ಒಳಗೆ ಹಾಕಿ ಮೂಸಿ ನೋಡಿ. ವಾಸನೆ ಸ್ವಲ್ಪ ಇದ್ದರೂ ಇನ್ನೆರಡು ದಿನ ಕೋಳಿಗಳು ಬೇರೆ ಕಡೆಯೇ ಮಲಗಲಿ.